ಒಳಕ್ಕೆ ಮಡಿಸಿದ ಎಲೆ

ಗೌರಿಬಿದನೂರು
26–9–1958

ಚಿ. ಸೌ. ಲಕ್ಷ್ಮಿಗೆ ನಿನ್ನ ಅಣ್ಣ ಬಯ್ಯಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ನನ್ನ ಪಾಠ ಕೇಳುವ ಎಂಟನೇ ಕ್ಲಾಸಿನವರ ಕ್ಷೇಮಕ್ಕೆ ಮಾತ್ರ ಖಾತರಿ ಕೊಡಲಾರೆ. ಹೆಸರೇ ಬಯ್ಯಪ್ಪ ಆದಮೇಲೆ ಬಯ್ಯದೆ ಇರಲಾದೀತೆ? ಹದಿನೈದು ದಿನ ರಜೆ ಕೇಳಿದೆ. ಹೆಡ್ ಮಾಸ್ಟರು ಅರ್ಜಿ ಓದುವ ಮೊದಲೇ ರುಜು ಹಾಕಿದರು. ನಾನಿಲ್ಲದಿದ್ದರೆ ಸ್ಕೂಲು ಎಷ್ಟು ಚೆನ್ನಾಗಿ ನಡೆಯುತ್ತದೆಂದು ಅವರಿಗೆ ಗೊತ್ತಿದೆ.

ಸಮಾಚಾರವೇನೆಂದರೆ ನಾನು ಪ್ರವಾಸ ಹೊರಟಿದ್ದೇನೆ. ಪೆನುಕೊಂಡ, ಹಂಪೆ, ಬಾದಾಮಿ, ಬಿಜಾಪುರ. ಐದು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ, ಒಂದು ಮುರಿದ ಗೋಡೆಯನ್ನೂ ಕಂಡವನಲ್ಲ. ಹುಡುಗರು ಅದನ್ನು ಇತಿ-ಹಾಸ ಮಾಡಿಕೊಂಡಿದ್ದಾರೆ: ಇತಿ ಅನ್ನುವ ತನಕ ಹಾಸ. ಕಲ್ಲು ನೋಡುವುದು ಕಣ್ಣಿನ ಕೆಲಸ, ನಡುನಡುವೆ ಹೋಟೆಲು ನೋಡುವುದು ಹೊಟ್ಟೆಯ ಕೆಲಸ. ಎರಡಕ್ಕೂ ಸಮಾನ ಅವಕಾಶ ಕೊಡಬೇಕೆಂದು ಈಗ ಸಂವಿಧಾನವೇ ಹೇಳುತ್ತದಲ್ಲ.

ನಮ್ಮೂರಿನ ಸ್ಟೇಷನ್ನಿನಿಂದಲೇ ನೇರ ರೈಲು. ನಿನಗೆ ಬರೆಯುವುದಿದ್ದರೆ ಹೊಸಪೇಟೆ ಅಂಚೆ ಕಚೇರಿಗೆ, ಆಮೇಲೆ ಬಿಜಾಪುರದ ಅಂಚೆ ಕಚೇರಿಗೆ ಹಾಕು. ಹೋಗಿ ಕೇಳಿ ಇಸಿದುಕೊಳ್ಳುತ್ತೇನೆ.

ಈ ಪ್ರವಾಸಕ್ಕೆ ಬೇರೆ ಅರ್ಥ ಹುಡುಕಬೇಡ. ನಿಮ್ಮತ್ತೆಗೆ ನಮಸ್ಕಾರ ತಿಳಿಸು.

ನಿನ್ನ ಅಣ್ಣ,
ಬಯ್ಯಪ್ಪ, ಬಿ.ಎ.


ಶಿಡ್ಲಘಟ್ಟ
28–9–1958

ಪೂಜ್ಯ ಅಣ್ಣಯ್ಯನವರಿಗೆ ಲಕ್ಷ್ಮಿದೇವಮ್ಮ ಮಾಡುವ ನಮಸ್ಕಾರಗಳು.

ನಿನಗೆ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ, ಬಿ.ಎ. ಮಾಡಿದರೂ ಬರಲಿಲ್ಲ. ಬೇರೆ ಅರ್ಥ ಹುಡುಕಬೇಡ ಅಂತ ಬರೆದೆಯಲ್ಲ, ಆವಾಗಲೇ ಹುಡುಕಿದೆ. ಗೌರಿ ಹಬ್ಬಕ್ಕೆ ಬಂದಾಗ ನೀನು ಅಕ್ಕಿ ಡಬ್ಬದಲ್ಲಿಟ್ಟಿದ್ದ ಮೂರು ಕಾರ್ಡು ತೆಗೆದು ಓದಿ ಹಾಗೇ ಇಟ್ಟೆ. ಮೇಲಿನದು ಕೆಳಗೆ ಹೋಗಿತ್ತು, ಅಷ್ಟೇ ವ್ಯತ್ಯಾಸ. ಪೆನುಕೊಂಡ, ಹೊಸಪೇಟೆ, ಬಾದಾಮಿ. ನಿಮ್ಮ ಭಾವ ಪ್ರವಾಸ ಹೋದ ದಾರಿ. ಬಾದಾಮಿಯ ಕಾರ್ಡಿನಲ್ಲಿ 'ನಾಳೆ ಬಿಜಾಪುರ' ಅಂತ ಇದೆ. ಆ ನಾಳೆಗೆ ಏಳು ವರ್ಷವಾಯಿತು.

ನಿನಗೆ ಗೊತ್ತಿರದ ಒಂದು ವಿಷಯ ಇದೆ. ಚಿಂತಾಮಣಿಯಿಂದ ಕೋನಪ್ಪ ಮಾವ ಬಂದಿದ್ದರು. ಅತ್ತೆಯ ತಮ್ಮ, ಈ ಮನೆಗೆ ಗಂಡಸು ಅಂತ ಇರುವವರು ಅವರೊಬ್ಬರೇ. 'ಏಳು ವರ್ಷ ತುಂಬ್ತು ಅಕ್ಕಾ, ಇನ್ನೆಷ್ಟು ದಿನ ಅವನ್ನ ಹೊಟ್ಟೆಗಿಲ್ದೆ ಅಲೆಸ್ತೀಯ? ಮಹಾಲಯ ಅಮಾವಾಸ್ಯೆಗೆ ಎಡೆ ಇಡಣ' ಅಂದರು. ಏಳು ವರ್ಷದ ಹಿಂದೆ ಹುಡುಕುವುದಕ್ಕೆ ಹೋದಾಗ ಹಲ್ಲುನೋವು ಅಂತ ಬಾದಾಮಿಯಿಂದಲೇ ವಾಪಸು ಬಂದವರು ಇವರೇ. ಅಕ್ಟೋಬರ್ ಹನ್ನೆರಡಕ್ಕೆ ಅಮಾವಾಸ್ಯೆ. ಎಡೆ ಇಟ್ಟು ಅದು ಮುಟ್ಟಿತು ಅಂದರೆ ಅವತ್ತೇ ನನ್ನ ಬಳೆ ತೆಗೆಸುತ್ತಾರೆ. ಬದುಕಿರುವವರಿಗೆ ಎಡೆ ಇಡುವುದೆಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ.

ನಿಮ್ಮ ಭಾವನ ಮುಖ ಬದಲಾಗಿದ್ದರೂ ಎಲೆ ನೋಡಿದರೆ ಗೊತ್ತಾಗುತ್ತದೆ. ಊಟ ಆದಮೇಲೆ ಎಲ್ಲರೂ ಎಲೆಯನ್ನು ತಮ್ಮ ಕಡೆಗೆ, ಒಳಕ್ಕೆ ಮಡಿಸುತ್ತಾರೆ. ಇವರು ಆಚೆಗೆ, ತಿಥಿ ಊಟದ ಹಾಗೆ. ಐದು ವರ್ಷದ ಮಗುವಾಗಿದ್ದಾಗ ಅಪ್ಪನ ತಿಥಿಯಲ್ಲಿ ಎಲೆ ಮಡಿಸುವುದು ಕಲಿತವರು, ಆಮೇಲೆ ಕೈ ತಿರುಗಲೇ ಇಲ್ಲ. ನಮ್ಮ ಮದುವೆ ಊಟದಲ್ಲೂ ಆಚೆಗೇ ಮಡಿಸಿದ್ದಕ್ಕೆ ಅಮ್ಮ ಅತ್ತಿದ್ದು ನೆನಪಿದೆಯಾ?

ಇದ್ದಾರೆ ಅಂದರೆ ಹಾಗೆ ಬರಿ. ಇಲ್ಲ ಅಂದರೆ ಅದನ್ನೂ ಬರಿ. ತಮಾಷೆ ಮಾಡಿ ಮುಚ್ಚಬೇಡ.

ಲಕ್ಷ್ಮಿ


ಪೆನುಕೊಂಡ
29–9–1958

ಚಿ. ಸೌ. ಲಕ್ಷ್ಮಿಗೆ ಆಶೀರ್ವಾದಗಳು.

ಊರು ಪೆನುಕೊಂಡ, ನಾನು ಕೊಂಡದ್ದು ನಾಲ್ಕು ವಡೆ. ಬೆಟ್ಟವೂ ಗಟ್ಟಿ, ವಡೆಯೂ ಗಟ್ಟಿ. ಬೆಟ್ಟದ ಮೇಲಿನ ಕೋಟೆ ಮಾತ್ರ ಮೆತ್ತಗಾಗಿದೆ. ರಾಯರ ಅರಮನೆಯಲ್ಲಿ ಮೇಕೆಗಳು ದರ್ಬಾರು ನಡೆಸುತ್ತಿದ್ದವು. ನಾನು ಹೋದಾಗ ಎದ್ದು ನಿಲ್ಲಲಿಲ್ಲ, ನನ್ನ ಕ್ಲಾಸಿನ ಹುಡುಗರ ಥರವೇ.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಊಟ. ಬಡಿಸುವವನಿಗೆ ಅರವತ್ತು ದಾಟಿದೆ. ಕೂತ ತಕ್ಷಣ ನನ್ನ ಮುಂದೆ ಒಂದು ಎಲೆ ಹಾಕಿ ನೀರು ಚಿಮುಕಿಸಿದ. ಪಕ್ಕದಲ್ಲಿ ಇನ್ನೊಂದು ಹಾಕಿ ಅದಕ್ಕೂ ನೀರು ಚಿಮುಕಿಸಿದ. ನಾನೊಬ್ಬನೇ ಅಂದೆ. ಅವನು ನನ್ನ ಪಕ್ಕ ನೋಡಿ, 'ಇದ್ದರು ಗದಾ ಸಾಮಿ' ಅಂದ. ಇಬ್ಬರಲ್ಲವೇ ಅಂತ ತೆಲುಗಿನಲ್ಲಿ ಕೇಳಿದ್ದು ಅಷ್ಟೇ. ಆದರೆ ನಮ್ಮ ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೆ, ನೋಡು. ಇದ್ದರು.

ಹಾಕಿದ ಎಲೆ ಎತ್ತುವುದಿಲ್ಲವಂತೆ. ಅದಕ್ಕೂ ಪಪ್ಪು, ಗೋಂಗೂರ, ಅನ್ನ ಎಲ್ಲ ಬಡಿಸಿದ. ನಾನು ನನ್ನದನ್ನು ಮುಗಿಸಿ ಬೇಗ ಎದ್ದೆ. ಹೋಟೆಲಿನವನಿಗೆ ಕಣ್ಣು ಸರಿಯಿಲ್ಲ, ನನಗೆ ಹೊಟ್ಟೆ ಸರಿಯಿಲ್ಲ. ಇದರಲ್ಲಿ ಮತ್ತೇನೂ ಇಲ್ಲ. ಸುಮ್ಮನೆ ಬರೆದೆ.

ಬಯ್ಯಪ್ಪ


ಹೊಸಪೇಟೆ
1–10–1958

ಚಿ. ಸೌ. ಲಕ್ಷ್ಮಿಗೆ ಆಶೀರ್ವಾದಗಳು.

ನಿನ್ನ ಕಾಗದ ಸಿಕ್ಕಿತು. ಒಪ್ಪಿಕೊಂಡೆ. ಅಕ್ಕಿ ಡಬ್ಬದ ಕಳ್ಳ ನಾನೇ. ಭಾವನನ್ನು ಹುಡುಕುವುದಕ್ಕೇ ಬಂದೆ. ಆವತ್ತು ಅವರ ಜೊತೆ ಹೊರಡಬೇಕಾಗಿದ್ದವನು ನಾನು. ಇಬ್ಬರಿಗೂ ಟಿಕೆಟ್ಟು ತೆಗೆಯುತ್ತೇನೆ ಅಂದಿದ್ದರು. ಕಾಲೇಜಿನ ನಾಟಕದಲ್ಲಿ ನನ್ನದು ವಿದೂಷಕನ ಪಾತ್ರ, ತಪ್ಪಿಸಲಾಗದು ಅಂತ ಉಳಿದುಕೊಂಡೆ. ಪೆನುಕೊಂಡದ ಎರಡನೇ ಎಲೆಯನ್ನು ಯಾಕೆ ಬರೆದೆ ಅಂತ ಈಗ ನಿನಗೆ ಗೊತ್ತಾಗಿರಬೇಕು.

ಒಳ್ಳೆಯ ಸುದ್ದಿ ಇದೆ. ಇಲ್ಲಿನ ಊಟದ ಹೋಟೆಲಿನ ಯಜಮಾನರಿಗೆ ಅವರ ನೆನಪಿದೆ. ಮುಖವಲ್ಲ, ಎಲೆ. ಆಚೆಗೆ ಮಡಿಸಿದ್ದು ನೋಡಿ ಇವರು ಗಲ್ಲಾದಿಂದಲೇ ಕೂಗಿದರಂತೆ: 'ನಮ್ಮ ಹೋಟ್ಲಾಗ ಯಾರು ಸತ್ತಾರಪ್ಪ?' ಭಾವ ಕೈ ತೊಳೆಯುತ್ತಾ, 'ಇನ್ನೂ ಯಾರೂ ಇಲ್ಲ ಯಜಮಾನ್ರೆ, ಸಾರು ಹಿಂಗೇ ಇದ್ರೆ ನಾನೇ ಮೊದಲನೆಯವನು' ಅಂದರಂತೆ. ಯಜಮಾನರು ಈಗಲೂ ನಗುತ್ತಾರೆ. ಒಂದು ಮಂಡಾಳ ಒಗ್ಗರಣೆಯನ್ನು, ನಮ್ಮ ಕಡಲೆಪುರಿಯದೇ, ಕಾಗದದಲ್ಲಿ ಪೊಟ್ಟಣ ಕಟ್ಟಿಸಿಕೊಂಡು, ಮನೆಯಾಕೆಗೆ ಅಂತ ಹೇಳಿ ಹೋದರಂತೆ.

ಹಂಪೆ ನೋಡಿದೆ. ಅಷ್ಟು ದೊಡ್ಡ ಊರು, ಒಬ್ಬರೂ ಇಲ್ಲ. ಕಲ್ಲಿನ ಅಂಗಡಿಬೀದಿಯಲ್ಲಿ ನಡೆಯುವಾಗ ನನ್ನ ಹಿಂದೆ ಇನ್ನೊಂದು ಜೋಡಿ ಚಪ್ಪಲಿ ನಡೆಯುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಕಲ್ಲಿಗೆ ಸದ್ದು ಬಡಿದು ವಾಪಸು ಬರುತ್ತದೆ ಅಂತ ಹುಡುಗರಿಗೆ ವಿಜ್ಞಾನ ಹೇಳಿಕೊಡುವವರು ಹೇಳುತ್ತಾರೆ. ನಾನು ಇತಿಹಾಸದವನು.

ನಿನ್ನ ಬಳೆ ಹಾಗೇ ಇರಲಿ. ಅಮಾವಾಸ್ಯೆಯ ಒಳಗೆ ಬರುತ್ತೇನೆ, ಒಬ್ಬನೇ ಬರುವುದಿಲ್ಲ.

ಬಯ್ಯಪ್ಪ


ಶಿಡ್ಲಘಟ್ಟ
3–10–1958

ಪೂಜ್ಯ ಅಣ್ಣಯ್ಯನವರಿಗೆ ನಮಸ್ಕಾರಗಳು.

ಪೆನುಕೊಂಡದ ಕಾಗದ ಬಂತು. ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವುದಕ್ಕೆ ಮೊದಲು ತಲೆ ಎತ್ತಿಕೊಂಡು ಸುಮ್ಮನೆ ಇರುತ್ತವಲ್ಲ, ಹಾಗಿವೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸವೂ ಇವತ್ತಿಲ್ಲ. ಹುಳು ಮನೆಯಲ್ಲಿ ಒಂದು ಸದ್ದಿಲ್ಲ. ಅದಕ್ಕೇ ಬರೆಯುವುದಕ್ಕೆ ಕೂತೆ.

ಅತ್ತೆ ನಿನ್ನೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದರು. ಯಾರ ಹೆಸರಿಗೆ ಅಂತ ನಾನು ಕೇಳಲಿಲ್ಲ.

ಬಿಜಾಪುರದಲ್ಲಿ ಏನು ಬೇಕಾದರೂ ಕೇಳು. ಒಂದು ಮಾತ್ರ ಕೇಳಬೇಡ. ನಮಗೆ ಯಾರಾದರೂ ಕಾಗದ ಹಾಕಿದ್ದರೋ ಅಂತ ಕೇಳಬೇಡ.

ಲಕ್ಷ್ಮಿ


ಬಾದಾಮಿ
4–10–1958

ಚಿ. ಸೌ. ಲಕ್ಷ್ಮಿಗೆ ಆಶೀರ್ವಾದಗಳು.

ಬಾದಾಮಿಯಲ್ಲಿ ಬಾದಾಮಿ ಹಾಲು ಸಿಗುವುದಿಲ್ಲ. ಇಷ್ಟು ದೊಡ್ಡ ಮೋಸ ಚಾಲುಕ್ಯರಿಗೆ ಶೋಭೆಯಲ್ಲ. ಗುಹೆ ನೋಡಿದೆ, ಕೆರೆ ನೋಡಿದೆ, ಕೋನಪ್ಪ ಮಾವನ ಹಲ್ಲು ಕಿತ್ತ ಡಾಕ್ಟರನ್ನೂ ನೋಡಿದೆ. ಭಾವ ಇಳಿದಿದ್ದ ಛತ್ರದಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದೆ. ನಾನು ಹೇಳುವ ಮೊದಲೇ ಎರಡು ತಟ್ಟೆ ತಂದರು. ಈ ಸಲ ಬೇಡ ಅನ್ನಲಿಲ್ಲ.

ನಾಳೆ ಬಿಜಾಪುರ.

ಬಯ್ಯಪ್ಪ


ಬಿಜಾಪುರ
7–10–1958

ಚಿ. ಲಕ್ಷ್ಮಿಗೆ ಆಶೀರ್ವಾದಗಳು.

ನಾನು ಕ್ಷೇಮ. ಗೋಳಗುಮ್ಮಟ ನೋಡಿದೆ. ಹೆಸರಿನಲ್ಲಿ ಗೋಳು ಇದ್ದರೂ ಒಳಗೆ ಬರೀ ಗುಮ್ಮು. ಮೇಲೆ ಹತ್ತಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆಯವರಿಗೆ ಕೇಳಿಸುತ್ತದೆ. ನಮ್ಮ ಸ್ಟಾಫ್ ರೂಮಿಗಿಂತ ಚೆನ್ನಾಗಿ. ಕೂಗಿದರೆ ಏಳು ಸಲ ಮಾರ್ದನಿ ಅಂತಾರೆ. ನಾನು ಎಣಿಸಲಿಲ್ಲ.

ಭಾವನ ಪತ್ತೆ ಇಲ್ಲ. ಖಾನಾವಳಿಯವರೆಲ್ಲ ಹೊಸಬರು. ಇಲ್ಲಿ ತಟ್ಟೆಯಲ್ಲೇ ಊಟ. ಎಲೆಯೇ ಇಲ್ಲದ ಊರಿನಲ್ಲಿ ಎಲೆ ಮಡಿಸುವವರನ್ನು ಹುಡುಕುವುದು ಹೇಗೆ? ಇಲ್ಲಿಂದ ಅವರು ಸೊಲ್ಲಾಪುರದ ಗಿರಣಿಯ ಕಡೆಗೋ ಮುಂಬಯಿಗೋ ಹೋಗಿರಬಹುದು. ಮುಂದಿನ ರಜೆಗೆ ಆ ಕಡೆ ಹೋಗಿ ನೋಡುತ್ತೇನೆ. ಬೇಸಿಗೆಯ ತನಕ ಎಡೆ ಬೇಡ ಅಂತ ಕೋನಪ್ಪ ಮಾವನಿಗೆ ಹೇಳು. ನಾನೇ ಹೇಳಿದೆ ಅನ್ನು.

ನಾಳೆ ಹೊರಡುತ್ತೇನೆ. ನೇರ ಗೌರಿಬಿದನೂರಿಗೆ. ಸ್ಕೂಲಿನ ಕೆಲಸ ಬಹಳ ಇದೆ, ಈ ತಿಂಗಳು ಅಲ್ಲಿಗೆ ಬರಲಾಗುವುದಿಲ್ಲ.

ಬಯ್ಯಪ್ಪ


ಶಿಡ್ಲಘಟ್ಟ
10–10–1958

ಪೂಜ್ಯ ಅಣ್ಣಯ್ಯನವರಿಗೆ ನಮಸ್ಕಾರಗಳು.

ಬಿಜಾಪುರದ ಕಾಗದ ಬಂತು. ತಮಾಷೆ ಎಲ್ಲ ಇದೆ. ಊಟಕ್ಕೆ ಏನು ತಿಂದೆ ಅಂತ ಇಲ್ಲ. ಮೇಲೆ 'ಚಿ.' ಇದೆ, 'ಸೌ.' ಇಲ್ಲ. ಮದುವೆಯಾದ ದಿನದಿಂದ ನೀನು ನನಗೆ ಬರೆದ ಒಂದು ಕಾಗದದಲ್ಲೂ ಅದು ತಪ್ಪಿಲ್ಲ. ಸೌಭಾಗ್ಯವತಿ ಅಂತ ಬರೆಯುವುದಕ್ಕೆ ನಿನ್ನ ಕೈ ಬರಲಿಲ್ಲ, ಮಿಕ್ಕ ಸುಳ್ಳು ಬರೆಯುವುದಕ್ಕೆ ಬಂತು.

ನನ್ನ ಹತ್ತಿರವೂ ಮುಚ್ಚಿಟ್ಟದ್ದು ಒಂದಿದೆ. ಏಳು ವರ್ಷದಿಂದ ಯಾರಿಗೂ ಹೇಳಿಲ್ಲ.

ಅವರು ಹೋಗಿ ಒಂದು ತಿಂಗಳಾಗಿತ್ತು. ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಎರಡು ದಿನ ಇತ್ತು. ಐದು ಹೊತ್ತು ಸೊಪ್ಪು ಹಾಕಬೇಕು, ಒಂದು ಹೊತ್ತು ತಪ್ಪಿದರೆ ಇಡೀ ಬೆಳೆ ಹೋಯಿತು. ಅತ್ತೆ ತೋಟದಲ್ಲಿ, ನಾನೊಬ್ಬಳೇ. ಪೋಸ್ಟಿನವರು ಅಂಗಳದಿಂದಲೇ ಒಂದು ಕಾರ್ಡು ಚಾಚಿದರು. ಮೂಲೆಗೆ ಮಸಿ ಹಚ್ಚಿತ್ತು, ಸಾವಿನ ಕಾಗದ. ನಮ್ಮಲ್ಲಿ ಅದನ್ನು ಹೊಸಿಲಾಚೆ ನಿಂತು ಓದಿ, ಅಲ್ಲೇ ಹರಿದು, ಮಿಂದು ಒಳಗೆ ಬರಬೇಕು. ಸೂತಕ ಶುರುವಾಗುವುದು ಕೇಳಿದ ಗಳಿಗೆಯಿಂದ. ಸೂತಕದವರು ಹುಳುಮನೆಗೆ ಕಾಲಿಡುವ ಹಾಗಿಲ್ಲ.

ಮುರುಗಮಲ್ಲದ ದೊಡ್ಡಜ್ಜಿ ಆಗಲೋ ಈಗಲೋ ಅನ್ನುತ್ತಿತ್ತು. ಅಜ್ಜಿಯದೇ ಅಂದುಕೊಂಡೆ. ಓದದೆ ಇದ್ದರೆ ಕೇಳಿದ ಹಾಗಾಗಲಿಲ್ಲ, ಹುಳುವೂ ಉಳಿಯುತ್ತವೆ. ಓದದೆಯೇ ಹರಿದು ಒಲೆಗೆ ಹಾಕಿದೆ. ಹೋಗಿ ಸೊಪ್ಪು ಹಾಕಿದೆ. ಅಷ್ಟು ಒಳ್ಳೆಯ ಗೂಡು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಹದಿನೈದು ದಿನಕ್ಕೆ ದೊಡ್ಡಜ್ಜಿ ಬಸ್ಸಿಳಿದು ಬಂತು. 'ನಾನಿನ್ನೂ ಸತ್ತಿಲ್ಲ ಕಣೇ, ಅವರೆಕಾಳು ಸಾರು ಮಾಡು' ಅಂತು. ಮಾಡಿದೆ. ಬಡಿಸುತ್ತಿದ್ದವಳು ಸೌಟು ಬಿಟ್ಟು ಹಿತ್ತಲಿಗೆ ಓಡಿದ್ದು ನೋಡಿ ಅಜ್ಜಿ ಅತ್ತೆಯ ಕಡೆ ತಿರುಗಿ, ಸೊಸೆ ಬಸುರಿ ಏನೇ ಕದಿರಮ್ಮ ಅಂತು.

ಆ ಕಾರ್ಡು ಯಾರು ಬರೆದದ್ದು, ಯಾರದ್ದು ಅಂತ ಈಗ ಹೇಳು ಅಣ್ಣಯ್ಯ.

ಲಕ್ಷ್ಮಿ


ಗೌರಿಬಿದನೂರು
11–10–1958

ಲಕ್ಷ್ಮೀ,

ನಿನ್ನ ಕಾಗದ ಈಗ ಬಂತು. ನಾಳೆ ಭಾನುವಾರ, ಅಮಾವಾಸ್ಯೆ. ಇದು ಚಿಕ್ಕಬಳ್ಳಾಪುರದ ಮೇಲೆ ಹಾದು ನಿನ್ನ ಕೈ ಸೇರುವಾಗ ಮಂಗಳವಾರ. ನಾನೇ ಬಸ್ಸು ಹತ್ತಬೇಕಾಗಿತ್ತು. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ಇಲ್ಲ. ಅದಕ್ಕೇ ಮೂಲೆಗೆ ಮಸಿ ಹಚ್ಚಿ ಬರೆಯುತ್ತಿದ್ದೇನೆ.

ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನೀಲವ್ವ ಅಂತ ಒಬ್ಬಾಕೆಯ ಖಾನಾವಳಿ. ನಾನು ಕೂತ ತಕ್ಷಣ ಆಕೆ ನನ್ನ ಮಾತು ಕೇಳಿ, 'ಕೋಲಾರದ ಕಡಿಯವರೇನ್ರಿ? ತಟ್ಟಿ ಬ್ಯಾಡ, ಎಲಿ ಬೇಕೇನು?' ಅಂದಳು. ಆ ಮಾತು ಆಕೆಗೆ ಕಲಿಸಿದವರು ಭಾವ. ತಟ್ಟೆಯಲ್ಲಿ ಊಟ ಸೇರದೆ ದಿನಾ ಮುತ್ತುಗದ ಎಲೆ ಹಚ್ಚಿಸಿಕೊಳ್ಳುತ್ತಿದ್ದರಂತೆ. ಮೂರನೇ ದಿನಕ್ಕೆ ಜ್ವರ ಬಂತು. ನೀಲವ್ವ ಒಳಗಿನ ಕೋಣೆಯಲ್ಲೇ ಮಲಗಿಸಿಕೊಂಡು ನೋಡಿದಳು. ಒಂಬತ್ತು ದಿನ. ಮಣ್ಣು ಮಾಡಿಸಿದವಳೂ ಆಕೆಯೇ. ಅಲ್ಲಿಗೆ ಹೋಗಿ ಬಂದೆ. ಬೇವಿನ ಮರದ ಕೆಳಗೆ.

'ಮಾಸ್ತರ ಕಡೆ ಕಾರ್ಡು ಬರಸಿ ಹಾಕಿದ್ನಲ್ರಿ. ಯಾರೂ ಬರಲಿಲ್ಲ. ಎಂಥಾ ಮಂದಿರಿ ನೀವು?' ಅಂದಳು. ಕಾರ್ಡನ್ನು ನಿಮ್ಮತ್ತೆಯೋ ಕೋನಪ್ಪ ಮಾವನೋ ಮುಚ್ಚಿಟ್ಟರು ಅಂದುಕೊಂಡೆ. ಅದನ್ನು ನಿನಗೆ ಹೇಗೆ ಹೇಳಲಿ ಅಂತ ಸುಳ್ಳು ಬರೆದೆ. ನೀನು ಅಂತ ಒಂದು ಗಳಿಗೆಯೂ ಅನ್ನಿಸಲಿಲ್ಲ. ಈಗಲೂ ನಿನ್ನ ತಪ್ಪು ಅನ್ನಿಸುವುದಿಲ್ಲ. ನನ್ನದು ಇದೆ ಕೇಳು. ಆವತ್ತು ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ, 'ವಾಪಸು ಬರದೆ ಹೋದ್ರೆ ನಿಮ್ಮ ಎಡೆ ನಾನೇ ತಿಂತೀನಿ ಭಾವ' ಅಂದೆ. ಅವರು ಕಿಟಕಿಯಲ್ಲಿ ತಲೆ ಹಾಕಿ ನಗುತ್ತಾ ಹೋದರು. ಅದಾದಮೇಲೆ ನಾನು ಮಾಡಿದ ಒಂದೊಂದು ತಮಾಷೆಯೂ ಅದನ್ನು ಮುಚ್ಚುವುದಕ್ಕೆ ಮಾಡಿದ್ದು.

ಕೊನೆಯ ದಿನ ಜ್ವರ ಇಳಿದು ಎದ್ದು ಕೂತರಂತೆ. ಮುದ್ದೆ ಬೇಕು ಅಂದರಂತೆ. ಅಲ್ಲಿ ರಾಗಿ ಎಲ್ಲಿ? ನೀಲವ್ವ ಜೋಳದ ಹಿಟ್ಟನ್ನೇ ಬೇಯಿಸಿ ಉಂಡೆ ಕಟ್ಟಿ, ಬೇಳೆ ಸಾರು ಹಾಕಿ ಕೊಟ್ಟಳು. ಎರಡು ತುತ್ತು ತಿಂದರು. ಎಲೆ ಮಡಿಸಿದರು. ಆಕೆ ಆ ದಿನವನ್ನು ಮರೆಯದೇ ಇರುವುದು ಅದಕ್ಕೇ: 'ದಿನಾ ಆಚಿಗೆ ಮಡಚಾವ್ರು, ಅವತ್ತ ಒಳಗ ಮಡಚಿದ್ರು. ಮನಿಗೆ ಹೊಂಟೀನಿ ನೀಲವ್ವ, ಇನ್ನ ಹಿಂಗ ಮಡಸ್ತೀನಿ, ನಮ್ಮಾಕಿ ಕಡಿಂದ ಬೈಸ್ಕೊಂಡಿದ್ದು ಸಾಕು ಅಂದ್ರು.' ಸಂಜೆಗೆ ಹೋದರು.

ಅವರ ಡಬ್ಬಿ ಕೊಟ್ಟಿದ್ದಾಳೆ. ಒಳಗೆ ನಾಲ್ಕು ಪೊಟ್ಟಣ. ಒಂದೊಂದರ ಮೇಲೂ ಊರಿನ ಹೆಸರು, ಕೆಳಗೆ 'ಲಕ್ಷ್ಮಿಗೆ'. ನೀನು ಪ್ರವಾಸಕ್ಕೆ ಬರಲಾಗಲಿಲ್ಲ ಅಂತ ಪ್ರತಿ ಊರಿನ ತಿಂಡಿಯನ್ನೂ ನಿನಗೆ ಒಂದು ತುತ್ತು ಎತ್ತಿಟ್ಟಿದ್ದಾರೆ. ಈಗ ಬರೀ ಹುಡಿ.

ಬಯ್ಯಪ್ಪ


ಶಿಡ್ಲಘಟ್ಟ
12–10–1958, ಸಂಜೆ

ಪೂಜ್ಯ ಅಣ್ಣಯ್ಯನವರಿಗೆ ನಮಸ್ಕಾರಗಳು.

ಮೊನ್ನೆ ಬರೆದದ್ದಕ್ಕೆ ಉತ್ತರ ಬರೆಯಬೇಡ. ಬರೆದಿದ್ದರೆ ಹಾಕಬೇಡ. ನಾವಿಬ್ಬರೂ ತಪ್ಪು ತಿಳಿದುಕೊಂಡಿದ್ದೆವು.

ಮಧ್ಯಾಹ್ನ ಎಡೆ ಇಟ್ಟೆವು. ಕೋನಪ್ಪ ಮಾವ ಬಂದಿದ್ದರು. ಮುದ್ದೆ, ಕೋಳಿ ಸಾರು, ನಿಮ್ಮ ಭಾವನಿಗೆ ಇಷ್ಟ ಅಂತ ಒಬ್ಬಟ್ಟು. ಧೂಪ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಿಕೊಂಡೆವು. ಬಂದವರು ಉಣ್ಣುವ ಹೊತ್ತು ಯಾರೂ ನೋಡಬಾರದಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಆ ಕೋಣೆಗೆ ಕಿಟಕಿ ಇಲ್ಲ.

ಬಾಗಿಲು ತೆಗೆದರೆ ಎಲೆ ಮಡಿಸಿತ್ತು.

ಕೋನಪ್ಪ ಮಾವ ಹೊಸಿಲಿನಿಂದ ಹಿಂದಕ್ಕೆ ಸರಿದರು. ಅತ್ತೆ ಬಗ್ಗಿ ನೋಡಿ, 'ಒಳಕ್ಕೆ ಮಡಿಸೈತೆ ಕಣೋ ಕೋನಾ. ನನ್ನ ಮಗ ಒಂದು ದಿನಾನೂ ಒಳಕ್ಕೆ ಮಡಿಸಿದವನಲ್ಲ. ಇದು ಯಾರೋ ಬೇರೆಯವರು. ಉಂಡು ಹೋಗಲಿ, ನಮ್ಮ ರವಣ ಅಲ್ಲ. ಅವನಿನ್ನೂ ಬದುಕವ್ನೆ' ಅಂದರು. ಬಳೆಯ ಮಾತು ಅಲ್ಲಿಗೇ ನಿಂತಿತು. ಮಾವ ಊಟವನ್ನೂ ಮಾಡದೆ ಚಿಂತಾಮಣಿ ಬಸ್ಸು ಹತ್ತಿದರು.

ಆ ಕಾರ್ಡು ಯಾರದೋ ಇರಬೇಕು. ಏಳು ವರ್ಷಕ್ಕೆ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ ಅಣ್ಣಯ್ಯ. ಬೇಸಿಗೆಗೆ ಸೊಲ್ಲಾಪುರಕ್ಕೆ ನಾನೂ ಬರುತ್ತೇನೆ.

ಲಕ್ಷ್ಮಿ


ಶಿಡ್ಲಘಟ್ಟ
15–10–1958

ಅಣ್ಣಯ್ಯ,

ನಿನ್ನ ಕಾಗದ ನಿನ್ನೆ ಬಂತು. ಪೋಸ್ಟಿನವರು ಅಂಗಳದಲ್ಲೇ ನಿಂತು ಚಾಚಿದರು. ಹುಳು ಹಣ್ಣಾಗುವುದಕ್ಕೆ ಈ ಸಲವೂ ಎರಡೇ ದಿನ ಇತ್ತು. ಒಲೆಯೂ ಉರಿಯುತ್ತಿತ್ತು.

ಅತ್ತೆ ಹಿಂದೆ ಬಂದು ನಿಂತರು. 'ಆವತ್ತು ನೀನು ಒಲೆಗೆ ಹಾಕಿದ್ದನ್ನ ತೋಟದ ಬಾಗಿಲಿಂದ ನೋಡಿದೆ ಕಣಮ್ಮ. ಏನು ಅಂತ ನಾನೂ ಕೇಳ್ಲಿಲ್ಲ. ಕೇಳಿದ್ರೆ ತಾನೆ ಸೂತಕ. ಇವತ್ತು ಓದು. ಗಟ್ಟಿಯಾಗಿ ಓದು' ಅಂದರು.

ಹೊಸಿಲಾಚೆ ನಿಂತು ಪೂರ್ತಿ ಓದಿದೆ. ಎಲೆಯ ಸಾಲಿಗೆ ಬಂದಾಗ ಅತ್ತೆ ಅಂಗಳದಲ್ಲಿ ಕೂತುಬಿಟ್ಟರು. 'ಮನೆಗೆ ಬಂದವನನ್ನ ಅವನಲ್ಲ ಅಂದ್ಬಿಟ್ನಲ್ಲಮ್ಮ' ಅಂದರು. ಕಾಗದ ಹರಿದು ಮಿಂದೆವು. ಬಳೆಯನ್ನು ಯಾರೂ ಒಡೆಯಲಿಲ್ಲ, ನಾನೇ ತೆಗೆದಿಟ್ಟೆ. ಪಕ್ಕದ ಮನೆಯ ಮಂಗಮ್ಮ ಬಂದು ಸೊಪ್ಪು ಹಾಕುತ್ತಿದ್ದಾಳೆ. ಅವಳ ಕೈಗೆ ಅಳತೆ ಗೊತ್ತಿಲ್ಲ, ಅರ್ಧ ಬೆಳೆ ಹೋಗಬಹುದು. ಹೋಗಲಿ.

ಡಬ್ಬಿ ತೆಗೆದುಕೊಂಡು ಭಾನುವಾರ ಬಾ. ಪೊಟ್ಟಣ ಬಿಚ್ಚಬೇಡ, ನಾನು ಬಿಚ್ಚುತ್ತೇನೆ. ಮುದ್ದೆ ಮಾಡಿರುತ್ತೇನೆ. ಎರಡು ಎಲೆ ಹಾಕುತ್ತೇನೆ, ಆವತ್ತು ತಪ್ಪಿಸಿಕೊಂಡೆಯಲ್ಲ, ಈಗ ಅವರ ಪಕ್ಕ ಕೂತು ಉಣ್ಣು. ಒಂದೆರಡು ತಮಾಷೆ ಮಾತಾಡಿದರೂ ಪರವಾಗಿಲ್ಲ, ಅವರಿಗೆ ನಿನ್ನ ಮಾತು ಇಷ್ಟ. ನಾನೂ ಅತ್ತೆಯೂ ಬಾಗಿಲು ಮುಚ್ಚಿಕೊಂಡು ಆಚೆ ಇರುತ್ತೇವೆ.

ಎಲೆ ಮಡಿಸುವಾಗ ಮಾತ್ರ ಆ ಕಡೆ ನೋಡಬೇಡ.

ಲಕ್ಷ್ಮಿ